ಗುರುಸಿದ್ದಪ್ಪ ಯಾರು?

ಅನುಮಾನ ಪಡುವುದಕ್ಕೇ ಕಲ್ಮೇಶನಿಗೆ ಸಂಬಳ. ಸೌತ್ ಕ್ಯಾರೊಲೈನಾದ ನಮ್ಮ ಪುಟ್ಟ ಊರು ಕಾರ್ವರ್ಸ್ ಫೋರ್ಡ್‌ನಲ್ಲಿ ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನ ಕೆಮಿಸ್ಟ್ ಅವನು. ನಮ್ಮ ಮನೆಗೆ ಊಟಕ್ಕೆ ಬಂದರೂ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾನೆ. ನನಗೆ ಮೈ ಉರಿಯುತ್ತದೆ. ಆದರೆ ಊರಲ್ಲಿ ಕನ್ನಡದವರದು ಎರಡೇ ಮನೆ. ಜಗಳ ಆಡಿಕೊಂಡರೆ ಮಾತಿಗೆ ಅಟ್ಲಾಂಟಾಕ್ಕೇ ಹೋಗಬೇಕು.

2023ರ ಬೇಸಿಗೆಯಲ್ಲಿ ಊರಿನ ವಾರಪತ್ರಿಕೆ ‘ಬೀಕನ್’ ತನ್ನ ‘ನಮ್ಮೂರ ಗಣ್ಯರು’ ಅಂಕಣದಲ್ಲಿ ಅವನ ಬಗ್ಗೆ ಬರೆಯಿತು. ಅದರ ಹಿಂದಿನ ವಾರ ಪೀಚ್ ಹಬ್ಬದ ರಾಣಿ ಬಂದಿದ್ದಳು. ಪಾಸ್‌ಪೋರ್ಟಿನಲ್ಲಿ ಅವನು ಕಲ್ಮೇಶ್ ಗುರುಸಿದ್ದಪ್ಪ. ಎರಡನೆಯದು ಅವನಪ್ಪನ ಹೆಸರು. ಇಲ್ಲಿನವರಿಗೆ ಕೊನೆಯ ಹೆಸರೇ ಹೆಸರು. ಹಾಗಾಗಿ ಲೇಖನದ ತುಂಬ ಮಿಸ್ಟರ್ ಗುರುಸಿದ್ದಪ್ಪ ನೀರು ಪರೀಕ್ಷಿಸಿದರು, ಮಿಸ್ಟರ್ ಗುರುಸಿದ್ದಪ್ಪ ಬೇಸ್‌ಬಾಲ್ ನೋಡಿದರು. ಕಲ್ಮೇಶ್ ಅನ್ನುವುದು ಹುಡುಕಿದರೂ ಇಲ್ಲ. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

“ನಗಬ್ಯಾಡ್ರಿ ಅಕ್ಕಾರ, ಬೇಕಂತ ಮಾಡ್ಯಾರ,” ಅಂದ ಅವನು. ಎಡಿಟರಿಗೆ ಮೂರು ಮೇಲ್ ಹಾಕಿದ. ಉತ್ತರ ಬರಲಿಲ್ಲ.

ಸೆಪ್ಟೆಂಬರಿನಲ್ಲಿ ಎಲಿಮೆಂಟರಿ ಸ್ಕೂಲಿನ ನಲ್ಲಿನೀರಲ್ಲಿ ಅವನಿಗೆ ಸೀಸ ಸಿಕ್ಕಿತು. ನನ್ನ ಮಗಳು ಇಂದುವಿನದು ಅದೇ ಸ್ಕೂಲು, ಎರಡನೇ ಕ್ಲಾಸು. ವರದಿಗೆ ಅವನು ನಮ್ಮ ಕಡೆಯ ರೂಢಿಯಂತೆ ಅಪ್ಪನ ಇನಿಷಿಯಲ್ ಮುಂದಿಟ್ಟು ‘ಜಿ. ಕಲ್ಮೇಶ್’ ಎಂದು ಸಹಿ ಹಾಕಿ ಊರಿನ ಕೌನ್ಸಿಲಿಗೆ ಕಳಿಸಿದ. ಬೀಕನ್ ಆ ಹೆಸರಲ್ಲೇ ಸುದ್ದಿ ಹಾಕಿತು. ಮುಂದಿನ ವಾರದ ಬೀಕನ್‌ನಲ್ಲಿ ಓದುಗನೊಬ್ಬನ ಪತ್ರ: ಕೆಮಿಸ್ಟ್ ಗುರುಸಿದ್ದಪ್ಪ ಅಂತ ನೀವೇ ಬರೆದಿದ್ದಿರಲ್ಲ, ಈ ಕಲ್ಮೇಶ್ ಯಾರು? ಇವನಿಗೆ ಲೈಸೆನ್ಸ್ ಇದೆಯೇ?

ಸ್ಕೂಲಿನ ಪೈಪುಗಳಿಗೆ ಒಪ್ಪಿಗೆ ಕೊಡಿಸಿದ್ದ ಕೌನ್ಸಿಲ್ ಸದಸ್ಯನಿಗೆ ಅಷ್ಟೇ ಬೇಕಾಗಿತ್ತು. ಸಹಿ ಯಾರದೆಂದು ತಿಳಿಯುವತನಕ ವರದಿ ಬದಿಗಿಡಿ, ನಲ್ಲಿ ಮುಚ್ಚುವುದು ಬೇಡ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇಂಥವರನ್ನು ಕಂಡೇ.

ಪತ್ರ ಬರೆದವನು ಆ ಸದಸ್ಯನ ಭಾಮೈದನೇ ಎಂದ ಕಲ್ಮೇಶ. ಎಡಿಟರ್, ಸ್ಕೂಲಿನ ಪ್ರಿನ್ಸಿಪಾಲ್, ತನ್ನ ಬಾಸ್, ಎಲ್ಲರೂ ಒಂದೇ ಎಂದ. ನಾನು ಇಂದುವಿನ ಬ್ಯಾಗಿಗೆ ಎರಡೆರಡು ಬಾಟಲಿ ನೀರು ತುರುಕಿದೆ. ನಾಚಿಕೆಯಾದರೂ ಹೇಳುತ್ತೇನೆ: ಒಂದು ದಿನ ಕಲ್ಮೇಶನ ಮೇಲೇ ಅನುಮಾನ ಬಂದು, ಅವನ ಲೈಸೆನ್ಸ್ ನಿಜವೇ ಅಂತ ಆನ್‌ಲೈನ್‌ನಲ್ಲಿ ಹುಡುಕಿದೆ. ನಿಜವಾಗಿತ್ತು.

ಕಲ್ಮೇಶನನ್ನು ಕರೆಸಿದ ಕೌನ್ಸಿಲ್ ಸಭೆಗೆ ನಾನೂ ಹೋದೆ.

“ಅಂದರೆ ನೀವು ನಿಮ್ಮ ತಂದೆಯ ಹೆಸರು ಬಳಸುತ್ತಿದ್ದೀರಿ?” ಸದಸ್ಯ ಕೇಳಿದ.

“ಬಳಸುತ್ತಿಲ್ಲ ಸರ್. ನಮ್ಮಲ್ಲಿ ಅಪ್ಪನ ಹೆಸರು ಮಕ್ಕಳ ಜೊತೆಗೇ ಇರುತ್ತದೆ.”

“ಅವರೂ ಕೆಮಿಸ್ಟೇ?” ಯಾರೋ ನಕ್ಕರು.

“ನೀರು ಬಿಡುವವರು. ಟ್ಯಾಂಕಿನ ವಾಲ್ವ್ ತಿರುಗಿಸೋ ಮೊದಲು ಒಂದು ಬೊಗಸೆ ತಾವೇ ಕುಡಿದು ನೋಡೋರು. ರುಚಿ ಕೆಟ್ಟಿದ್ದರೆ ಊರಿಗೆ ಬಿಡುತ್ತಿರಲಿಲ್ಲ.” ಕಲ್ಮೇಶ ವರದಿಯನ್ನು ಸದಸ್ಯನ ಮುಂದಿಟ್ಟ. “ಸೀಸಕ್ಕೆ ರುಚಿ ಇಲ್ಲ ಸರ್. ನನ್ನ ಹೆಸರು ಆಮೇಲೆ ವಿಚಾರಿಸಿ. ನಲ್ಲಿ ಇವತ್ತೇ ಮುಚ್ಚಿಸಿ.”

ಮರುದಿನವೇ ನಲ್ಲಿಗಳಿಗೆಲ್ಲ ಪ್ಲಾಸ್ಟಿಕ್ ಸುತ್ತಿದರು. ಹೊರಗಿನ ಲ್ಯಾಬಿನ ಪರೀಕ್ಷೆಯಲ್ಲೂ ಸೀಸ ಸಿಕ್ಕಿತು. ಆ ವಾರದ ಬೀಕನ್‌ನ ಮೂಲೆಯಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಬಂತು: ‘ಶಾಲೆಯ ನೀರಿನ ದೋಷ ಪತ್ತೆ ಹಚ್ಚಿದವರು ಕಲ್ಮೇಶ್ ಅಲ್ಲ, ಅವರ ತಂದೆ ಗುರುಸಿದ್ದಪ್ಪ. ತಪ್ಪಿಗಾಗಿ ವಿಷಾದಿಸುತ್ತೇವೆ.’

ನನಗೆ ಕೋಪ ನೆತ್ತಿಗೇರಿತು. “ಈಗಲೇ ಫೋನ್ ಮಾಡು! ಇದಂತೂ ಬೇಕಂತಲೇ ಮಾಡಿರೋದು!”

ಕಲ್ಮೇಶ ಪೇಪರಿನ ಆ ಮೂಲೆಯನ್ನು ಕತ್ತರಿಸುತ್ತಿದ್ದ.

“ಇರ್ಲಿ ಬಿಡ್ರಿ ಅಕ್ಕಾರ. ಹಂಗ ಕುಡದು ನೋಡಿ ನೋಡಿನ ಕಾಮಾಲೆ ಆಗಿ ಸತ್ತ ನಮ್ಮಪ್ಪ. ಅವತ್ತು ಯಾವ ಪೇಪರ್‌ನ್ಯಾಗೂ ಅವನ ಹೆಸರು ಬರ್ಲಿಲ್ಲ.”