ಅಣ್ಣ ಸುಟ್ಟ ಮರದ ಪಾದಗಳು

ಬೂಟು ಹೊಲಿಯುವುದರಲ್ಲಿ ನಮ್ಮಣ್ಣನನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಮುಠ್ಠಾಳತನದಲ್ಲಿ ಮಾತ್ರ ಇಡೀ ಊರು ಅವನಿಗೆ ಸರಿಸಾಟಿಯಾಗಿತ್ತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ತುಂಬ ಮೊಳೆಗೆ ನೇತುಹಾಕಿದ ಮರದ ಪಾದಗಳು. ಅವುಗಳ ಮೇಲೆ ತೊಗಲನ್ನು ಬಿಗಿಯಾಗಿ ಎಳೆದು ಅಣ್ಣ ಬೂಟು ಕಟ್ಟುತ್ತಿದ್ದ, ನಾನು ಮಿಷನ್ನಿನಲ್ಲಿ ಹೊಲಿಗೆ ಹಾಕುತ್ತಿದ್ದೆ. ಮೂಲೆಯ ಒಂದು ಜೊತೆ ಅಮ್ಮನದು. ಅವಳ ಬಲಪಾದ ಹುಟ್ಟಿನಿಂದಲೇ ಸೊಟ್ಟ. ಆ ಮರದ ಅಚ್ಚಿನ ಮೇಲೆ ಕಟ್ಟಿದ ಬೂಟು ಹಾಕಿದರೆ ಮಾತ್ರ ನಡೆಯುತ್ತಿದ್ದಳು. ದಿನಾ ಸಂಜೆ ಪೇಟೆಗೆ ಹೋಗಿ ಊರ ಸುದ್ದಿಯನ್ನೆಲ್ಲ ಹೊತ್ತು ತರುತ್ತಿದ್ದಳು.

ಆಮೇಲೆ ಗುಡ್ಡದಲ್ಲಿ ತಾಮ್ರ ಸಿಕ್ಕಿತು. ಹೊರದೇಶದವರು ಮುಗಿಬಿದ್ದು ಕೊಂಡರು, ನಮ್ಮ ನೋಟಿನ ಬೆಲೆ ಏರಿತು, ಪತ್ರಿಕೆಗಳು ಎದೆಯುಬ್ಬಿಸಿದವು. ನೋಟು ಬಲವಾದರೆ ಹೊರಗಿನ ಬೂಟು ಅಗ್ಗವಾಗುತ್ತದೆ, ನಮ್ಮ ಬೂಟು ಗಡಿಯಾಚೆಯ ವ್ಯಾಪಾರಿಗೆ ತುಟ್ಟಿಯಾಗುತ್ತದೆ. ಇಷ್ಟನ್ನು ಯಾವ ಮಹಾನುಭಾವನೂ ಬರೆಯಲಿಲ್ಲ. ಆ ವ್ಯಾಪಾರಿಗಳು ನಮ್ಮಲ್ಲಿಗೆ ಬರುವುದು ಬಿಟ್ಟರು. ಅಂಗಡಿಯ ಕೆಲಸದವರು ಗಣಿಯ ಸಂಬಳಕ್ಕೆ ಓಡಿದರು. ಅಣ್ಣನೂ ದಬ್ಬಣ ಬಿಸಾಡಿ ಗಣಿಯ ಲಾರಿ ಓಡಿಸಲು ಹೋದ. ಮುಖಕ್ಕೆ ಕಪ್ಪು ಕನ್ನಡಕ ಬಂತು, ಮಾತಿಗೆ ಸೊಕ್ಕು ಬಂತು.

ಸ್ವಂತ ಲಾರಿ ಕೊಂಡ ದಿನ ಅಂಗಳದಲ್ಲಿ ಗೆಳೆಯರಿಗೆ ಊಟ. ಸೌದೆ ಸಾಲಲಿಲ್ಲ. ಅಣ್ಣ ಗೋಡೆಯಿಂದ ಪಾದಗಳನ್ನು ಕಿತ್ತು ಒಲೆಗೆ ಹಾಕತೊಡಗಿದ.

"ಅಮ್ಮಂದಾದ್ರೂ ಬಿಡೋ ಅಣ್ಣಾ!" ಎಂದೆ.

"ಅಮ್ಮಂಗೆ ಫಾರಿನ್ ಬೂಟೇ ತರ್ತೀನಿ ಕಣೇ. ಈ ದರಿದ್ರ ಯಾಕೆ ಮನೇಲಿ?"

ಗೆಳೆಯರು ಚಪ್ಪಾಳೆ ತಟ್ಟಿದರು. ಆ ಪಾದಗಳನ್ನು ಕೆತ್ತಿದ್ದ ಬಡಗಿಯೂ ತಟ್ಟಿದ. ಅವನಾಗ ಗಣಿಯ ಗೇಟು ಕಾಯುತ್ತಿದ್ದ. ಥೂ!

ಫಾರಿನ್ ಬೂಟು ಬಂತು, ಫಳಫಳ ಹೊಳೆಯಿತು. ಅಮ್ಮನ ಕಾಲು ಮಾತ್ರ ಒಳಗೆ ಹೋಗಲಿಲ್ಲ. ಹಳೆಯ ಜೊತೆ ಹರಿಯುವವರೆಗೆ ನಡೆದಳು, ಆಮೇಲೆ ಕಿಟಕಿಯ ಬಳಿ ಕೂತಳು. ಅಣ್ಣ ಇನ್ನೊಂದು ಜೊತೆ ತಂದ, ಇನ್ನಷ್ಟು ದುಬಾರಿಯದು.

ಕೆಲವು ವರ್ಷಗಳಲ್ಲಿ ತಾಮ್ರದ ಬೆಲೆ ನೆಲಕಚ್ಚಿತು. ಗಣಿ ಮುಚ್ಚಿತು, ಲಾರಿ ಮಾರಿಹೋಯಿತು, ನೋಟು ಬರೀ ಕಾಗದವಾಯಿತು. ಫಾರಿನ್ ಬೂಟು ಯಾರ ಕೈಗೂ ಎಟುಕದಾಯಿತು. ಊರಿನ ದೊಡ್ಡಮನುಷ್ಯರು ಬಾಯಿಬಿಟ್ಟ ಬೂಟು ಹಿಡಿದು ನಮ್ಮ ಬಾಗಿಲಿಗೆ ಬಂದರು. "ನೀವೇ ಮಾಡ್ಕೊಡಿ, ಎಷ್ಟಂದ್ರೂ ನಮ್ಮೂರ ಮಾಲು" ಎಂದು ಹಲ್ಲು ಕಿರಿದರು. ನಮ್ಮ ಗೋಡೆಯಲ್ಲಿ ಮೊಳೆಗಳಷ್ಟೇ ಇದ್ದವು.

ಅಣ್ಣ ಅಮ್ಮನ ಮುಂದೆ ನೆಲದ ಮೇಲೆ ಕೂತ. "ಅಚ್ಚಿಲ್ಲ ಕಣಮ್ಮಾ."

ಅಮ್ಮ ಸೊಟ್ಟಗಾಲನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು. "ಮರದ್ದು ತಾನೇ ನೀನು ಸುಟ್ಟಿದ್ದು? ಇದು ಇನ್ನೂ ಇದೆ. ಅಳತೆ ತಗೋ, ಬಡಗಿ ಹೊಸದು ಕೆತ್ತಲಿ."

ನನ್ನ ಸಿಟ್ಟು ಆ ಗಳಿಗೆ ಕರಗಿತು. ಓಡಿಹೋಗಿ ಟೇಪು ತಂದುಕೊಟ್ಟೆ. ಅವನು ಅದನ್ನು ಹಿಮ್ಮಡಿಗೆ ಸುತ್ತಿದ, ಬಿಚ್ಚಿದ. ಬೆರಳುಗಳ ಬಳಿ ಹಿಡಿದ, ಅದನ್ನೂ ಬಿಚ್ಚಿದ. ಕೊನೆಗೆ ನನ್ನ ಮುಖ ನೋಡಿದ.

"ಮುಂಚೆಲ್ಲ ಟೇಪು ಎಲ್ಲಿ ಹಿಡೀತಿದ್ದೆ ನಾನು?"

ಅಮ್ಮ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.