ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ಕೂರಿಸಿದ್ದು

ಚರ್ಮದ ಡಾಕ್ಟರರ ಕೋಣೆಯಲ್ಲಿ ಅವತ್ತು ನಾವು ನಾಲ್ಕು ಮಂದಿ. ಕುರ್ಚಿಯ ತುದಿಯಲ್ಲಿ ನನ್ನ ನಾದಿನಿ, ಬಲಗೈಯನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು. ಪಕ್ಕದಲ್ಲಿ ನಾನು. ಬಾಗಿಲ ಬಳಿ ನನ್ನ ಗಂಡ. ಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದವರು ಮನೆಯೊಳಗೂ ಬರದೆ ನಮ್ಮನ್ನು ಕಾರಿಗೆ ಹತ್ತಿಸಿಕೊಂಡು ಅದೇ ಕೆಲಸದ ಕವರಾಲ್‌ನಲ್ಲಿ ಬಂದಿದ್ದರು. ಮೇಜಿನಾಚೆ ಮಲಯಾಳಿ ಡಾಕ್ಟರಮ್ಮ, ನಮ್ಮೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ನಾದಿನಿಯ ತೋರುಬೆರಳಿನ ಬುಡದಲ್ಲಿ ಆರು ತಿಂಗಳಾದರೂ ಮಾಯದ ಹುಣ್ಣು. ಅದರ ಚೂರನ್ನು ಪರೀಕ್ಷೆಗೆ ಕಳಿಸಿ ವಾರವಾಗಿತ್ತು. ಡಾಕ್ಟರು ಕಾಗದವನ್ನು ಎರಡು ಸಲ ಓದಿ, ಇದು ಚರ್ಮದ ಕ್ಯಾನ್ಸರ್ ಎಂದರು.

ನಾವು ಕಪ್ಪು ಜನ, ಅದೆಲ್ಲ ಬಿಳಿಯರಿಗೆ ಬರುವುದಲ್ಲವೇ ಎಂದು ನನ್ನ ಗಂಡ ಕೇಳಿದರು. ಕಪ್ಪು ಜನರಿಗೂ ಬರುತ್ತದೆ, ಅದೂ ಅಲ್ಲದೆ ಈ ಕೈಯಲ್ಲಿ ಬಣ್ಣ ಎಲ್ಲಿದೆ ಎಂದು ಡಾಕ್ಟರು ನಾದಿನಿಯ ದುಪಟ್ಟಾ ಸರಿಸಿದರು. ಬೆರಳುಗಳಿಂದ ಮಣಿಕಟ್ಟಿನವರೆಗೆ ಬಿಳಿ ಮಚ್ಚೆ. ಅವಳಿಗೆ ಅದು ಶುರುವಾಗಿ ಎಂಟು ವರ್ಷ.

ಆಮೇಲೆ, ಇದಕ್ಕೆ ಏನು ಹಚ್ಚುತ್ತಿದ್ದಿರಿ ಎಂದು ಕೇಳಿದರು.

ಹಚ್ಚಿಸಿದವಳು ನಾನು.

ನನ್ನ ಅಜ್ಜಿ ಉಡುಪಿಯ ಕಡೆ ಅರ್ಧ ಊರಿಗೆ ಔಷಧಿ ಕೊಟ್ಟವರು. ಬಿಳಿ ಮಚ್ಚೆಗೆ ಅವರು ಕೊಡುತ್ತಿದ್ದದ್ದು ಬಾವಂಚಿ ಬೀಜದ ಎಣ್ಣೆ. ಹಚ್ಚಿ, ರಂಗೋಲಿ ಹಾಕಿ ಮುಗಿಸುವಷ್ಟು ಹೊತ್ತು ಎಳೆ ಬಿಸಿಲಿಗೆ ಕೂರಬೇಕು. ನನಗೆ ಎಣ್ಣೆ ನೆನಪಿತ್ತು, ಹೊತ್ತಿನ ಅಳತೆ ನೆನಪಿರಲಿಲ್ಲ. ರಜೆಗೆ ಊರಿಗೆ ಹೋದಾಗಲೆಲ್ಲ ಬಾಟಲಿ ತರುತ್ತಿದ್ದೆ. ಈ ಕೊಲ್ಲಿ ದೇಶದ ಅಲ್ ಖೋರ್‌ನ ನಮ್ಮ ಬಾಲ್ಕನಿಯಲ್ಲಿ ಪ್ರತಿ ಶುಕ್ರವಾರ ಹತ್ತು ಗಂಟೆಗೆ ಅವಳನ್ನು ಕೂರಿಸಿ, ಅಡುಗೆ ಮುಗಿಸಿ ಬಂದು ಎಬ್ಬಿಸುತ್ತಿದ್ದೆ. ಈ ದೇಶದಲ್ಲಿ ಎಳೆ ಬಿಸಿಲೆಂಬುದೇ ಇಲ್ಲ. ನೀರ್ಗುಳ್ಳೆ ಎದ್ದರೆ ಔಷಧಿ ಹಿಡಿಯಿತು ಎಂದು ನಾನು ಖುಷಿಪಟ್ಟವಳು.

ಅವಳು ಲುಸೈಲ್‌ನ ಒಂದು ಬ್ಯೂಟಿ ಪಾರ್ಲರಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದಳು. ಅಲ್ಲಿ ಮೈಬಣ್ಣ ಕಂದು ಮಾಡುವ ಯಂತ್ರವೊಂದಿತ್ತು, ಸೀಳಿದ ಹಲಸಿನ ಹಣ್ಣಿನ ಹಾಗೆ ತೆರೆದುಕೊಳ್ಳುವ ಹಾಸಿಗೆ, ಒಳಗೆಲ್ಲ ನೀಲಿ ಟ್ಯೂಬು. ಬಿಳಿ ಹೆಂಗಸರು ಅದರಲ್ಲಿ ಮಲಗಿ ಹೋಗುತ್ತಾರಂತೆ. ಒಂದು ದಿನ ಅವಳು ನಗುತ್ತಾ ಹೇಳಿದ್ದಳು:

"ಅವರಿಗೂ ಕಪ್ಪಾಗಬೇಕು, ನಂಗೂ ಕಪ್ಪಾಗಬೇಕು ಅತ್ತಿಗೆ. ಗಿರಾಕಿ ಇಲ್ಲದಾಗ ಕೈ ಒಂದು ಒಳಗೆ ಇಟ್ಟು ಕೂತ್ಕೊಳ್ತೇನೆ."

"ಎಣ್ಣೆ ಹಚ್ಚಿಯೇ ಇಡು ಮಾರಾಯ್ತಿ, ಬೇಗ ಹಿಡೀತದೆ," ಎಂದಿದ್ದೆ ನಾನು. ಈ ಬಾಯಿಂದಲೇ.

ಆರು ವರ್ಷ ನಡೆಯಿತು ಇದು. ಈಗ ಡಾಕ್ಟರು ಕೇಳಿದ್ದಕ್ಕೆ ನಾದಿನಿ ನನ್ನ ಕಡೆ ನೋಡದೆ, ಅಂಗಡಿಯ ಏನೋ ಕ್ರೀಮು, ಹೆಸರು ಮರೆತುಹೋಗಿದೆ ಎಂದಳು. ಅವಳ ಅಣ್ಣ, ನನ್ನ ಗಂಡ, ಎದುರಿಗೇ ಇದ್ದರು. ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎಂದು ನನಗೆ ತಿಳಿಯಿತು. ಸುಮ್ಮನಿರಬಹುದಿತ್ತು. ಆದರೆ ಆ ಸುಳ್ಳನ್ನು ನಂಬಿ ಡಾಕ್ಟರು ಕತ್ತರಿ ಹಿಡಿದರೆ? ಎಣ್ಣೆ, ಬಾಲ್ಕನಿ, ಹಾಸಿಗೆ, ಎಲ್ಲವನ್ನೂ ಹರುಕು ಹಿಂದಿಯಲ್ಲಿ ಹೇಳಿದೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ಬೀಜದ ರಸ ಹತ್ತಿದ ಚರ್ಮ ಬೆಳಕಿಗೆ ದುಪ್ಪಟ್ಟು ಸುಡುತ್ತದೆ, ಆಸ್ಪತ್ರೆಯಲ್ಲಿ ಮಚ್ಚೆಗೆ ಬೆಳಕು ಕೊಡುವುದು ಅಳೆದು ತೂಗಿ, ಪಾರ್ಲರಿನ ಹಾಸಿಗೆ ಅದಲ್ಲ, ಅದು ಯಾವ ಬಣ್ಣದವರಿಗೂ ಒಳ್ಳೆಯದಲ್ಲ ಎಂದರು. ಹುಣ್ಣು ಎಲುಬಿನವರೆಗೆ ಇಳಿದಿದ್ದರೆ ಬೆರಳು ಉಳಿಯಲಿಕ್ಕಿಲ್ಲ. ಕ್ಯಾನ್ಸರ್ ಕಂಕುಳಿನ ಗ್ರಂಥಿಗೂ ಹಬ್ಬಿದ್ದರೆ ಏನನ್ನೂ ಹೇಳಲು ಬರುವುದಿಲ್ಲ. ಕಂಕುಳು ಮುಟ್ಟಿ ನೋಡಿದರು. ಒಂದು ಗಂಟು ಕೈಗೆ ಸಿಕ್ಕಿತು.

ಮರಳುವಾಗ ಕಾರು ಓಡಿಸುತ್ತಿದ್ದ ನನ್ನ ಗಂಡ ಹೆದ್ದಾರಿಯಲ್ಲಿ ಎರಡು ಸಲ ತಿರುವು ದಾಟಿ ಮುಂದೆ ಹೋದರು. ನಾನು ಹಿಂದಿನ ಸೀಟಿನಲ್ಲಿ ಅವಳ ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಯಾವ ದೇವರಿಗೆ ಏನು ಹರಕೆ ಹೇಳಿಕೊಳ್ಳಲಿ? ಕೇಳಿಕೊಳ್ಳುವ ಮುಖವೇ ನನಗಿರಲಿಲ್ಲ.

"ಅಳ್ಬೇಡಿ ಅತ್ತಿಗೆ," ಎಂದಳು ಅವಳು. "ನೀವು ಹಚ್ಚಿದ್ದು ಒಳ್ಳೇದಕ್ಕೇ."

ಅವಳು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹನ್ನೆರಡು ದಿನದ ಮೇಲೆ ಆಪರೇಷನ್ ಆಯಿತು. ತೋರುಬೆರಳನ್ನು ಬುಡದಿಂದ ತೆಗೆದು, ಕಂಕುಳಿನ ಗಂಟನ್ನೂ ಪರೀಕ್ಷೆಗೆ ಕಳಿಸಿದರು. ಕಂಕುಳಿನ ಗಂಟಿನ ವರದಿ ಬರಲು ಮತ್ತೂ ಹತ್ತು ದಿನ ಹಿಡಿಯಿತು. ಅದರಲ್ಲಿ ಕ್ಯಾನ್ಸರ್ ಇರಲಿಲ್ಲ. ಕೌಂಟರಿನಲ್ಲಿ ಆ ಕಾಗದವನ್ನು ಅವಳು ಎಡಗೈಯಲ್ಲಿ ಸಹಿ ಹಾಕಿ ತೆಗೆದುಕೊಂಡಳು.