ಮುಖಂಡರು ಅಳಿಸಿದ ಪಟ್ಟಿ

ಬೆಳಿಗ್ಗೆ ಆರಕ್ಕೆ ಫೋನು ಬಡಿದುಕೊಂಡರೆ ಬೇರೆಯವರ ಮನೆಯಲ್ಲಿ ಯಾರಿಗೆ ಏನಾಯಿತೋ ಎಂದು ಎದೆ ಹಾರುತ್ತದೆ. ನಮ್ಮ ಮನೆಯಲ್ಲಿ ನನ್ನ ಪಿತ್ತ ನೆತ್ತಿಗೇರುತ್ತದೆ. ಅದು ಸೋಟ್‌ಗೋಲ್ ಊರಿನ ಮುಖಂಡ ಪ್ಯೋ ಚಾಂಗ್‌ಗು ಅವರದೇ ಫೋನು. ಹೇಳುವುದೂ ಒಂದೇ ಮಾತು.

"ಅಧ್ಯಕ್ಷೇಲೇ, ಹಾಲು ಹೋಯ್ತು."

ಮೊದಲ ಸಲ, ಫೆಬ್ರವರಿಯಲ್ಲಿ, ನನಗೆ ತಲೆಬುಡ ತಿಳಿಯಲಿಲ್ಲ. "ಹಾಲು ಹೋದ್ರೆ ಅಂಗಡಿಗೆ ಹೋಗ್ರೀ. ನನ್ನನ್ಯಾಕೆ ಎಬ್ಬಿಸ್ತೀರಿ?"

"ಆ ಹಾಲಲ್ಲ! ಹಾಲು! ಮೈಕಿಗೆ ಹಾಕೋ ಹಾಲು!"

ಹಾಡು ಎಂದು ನನಗೆ ಹೊಳೆಯುವಷ್ಟರಲ್ಲಿ ಒಲೆಯ ಮೇಲಿನ ಅನ್ನ ತಳ ಹಿಡಿದಿತ್ತು. ಹೊಸ ಹಲ್ಲುಸೆಟ್ಟು ಇನ್ನೂ ಬಾಯಿಗೆ ಹೊಂದಿಕೊಂಡಿಲ್ಲ ಎಂದು ಮುಖಂಡರು ಊರಿಗೆಲ್ಲ ಸಾರಿದ್ದರು. ಆದ್ದರಿಂದ ಡ, ರ ಎರಡೂ ಲ ಆದದ್ದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನನ್ನ ತಲೆ ಕೆಡಿಸಿದ್ದು ಕಂಪ್ಯೂಟರ್.

ನಾನು ಓಕ್ ಮಾಲ್‌ರ್ಯೇ, ಊರಿನ ಮಹಿಳಾ ಸಂಘದ ಅಧ್ಯಕ್ಷೆ. ಮಾಡಿದ ತಪ್ಪು ಎರಡು. ಒಂದು, ಸಭಾಭವನದ ಗೋಡೆಗೆ ಅಂಟಿಕೊಂಡ ಮನೆಗೆ ಸೊಸೆಯಾಗಿ ಬಂದದ್ದು. ಇನ್ನೊಂದು, ಹೋಬಳಿ ಕಚೇರಿಯವರು ಮುದುಕರಿಗಾಗಿ ನಡೆಸಿದ ಹನ್ನೆರಡು ವಾರದ ಕಂಪ್ಯೂಟರ್ ತರಗತಿಗೆ ಹೋದದ್ದು. ಅವತ್ತಿನಿಂದ ಸಭಾಭವನದ ಕಂಪ್ಯೂಟರ್ ಸೀನಿದರೂ ಮೂಗು ಒರೆಸಬೇಕಾದವಳು ನಾನೇ.

ದಿನಾ ಬೆಳಿಗ್ಗೆ ಮುಖಂಡರು ಆ ಕಂಪ್ಯೂಟರಿನಲ್ಲಿ ಒಂದು ಕುಣಿತದ ಹಾಡು ಹಾಕುತ್ತಾರೆ. ಅದು ಕಂಬಗಳ ಮೇಲಿನ ಧ್ವನಿವರ್ಧಕಗಳಲ್ಲಿ ಊರೆಲ್ಲ ಮೊಳಗುತ್ತದೆ. ಹಾಡು ಮುಗಿದ ಮೇಲೆ ಅವರ ಪ್ರಸಾರ. ಈರುಳ್ಳಿ ಲಾರಿ ಬರುವುದು, ನೀರು ನಿಲ್ಲುವುದು, ಯಾರದೋ ಮನೆಯ ಮದುವೆ, ಎಲ್ಲವೂ ಅವರ ಬಾಯಿಂದಲೇ ತಿಳಿಯಬೇಕು. ಹತ್ತೊಂಬತ್ತು ವರ್ಷ ಹೀಗೇ ನಡೆದಿದೆ. ಹಿಂದೊಮ್ಮೆ ದೊಡ್ಡ ಚಂಡಮಾರುತ ಬಂದ ದಿನ ಬೆಳಗಿನಿಂದ ಸಂಜೆಯವರೆಗೂ ಮೈಕ್ ಬಿಡದೆ, ಒಬ್ಬೊಬ್ಬ ಮುದುಕಿಯ ಹೆಸರು ಹಿಡಿದು ಕರೆದು ಮನೆಯಿಂದ ಹೊರಡಿಸಿದ ಗಂಟಲು ಅದು. ಅವರ ಹೆಂಡತಿ ಮಗಳ ಬಾಣಂತನಕ್ಕೆಂದು ಗ್ವಾಂಗ್ಜು ನಗರಕ್ಕೆ ಹೋಗಿ ಮೂರು ವರ್ಷವಾಯಿತು. ಆ ಮಗು ಈಗ ಶಿಶುವಿಹಾರಕ್ಕೆ ಹೋಗುತ್ತಿದೆ, ಆಕೆ ಮಾತ್ರ ಇನ್ನೂ ಬಂದಿಲ್ಲ. ಅವರಿಗೆ ಉಳಿದಿರುವುದು ಎರಡು ತುಂಡು ಈರುಳ್ಳಿ ಹೊಲ ಮತ್ತು ಆ ಮೈಕ್.

ಇನ್ನು ನನ್ನ ಗೋಳು ಕೇಳಿ. ಹಾಡಿನ ಫೈಲು ಎಲ್ಲಿದೆ ಎಂಬುದು ಮುಖಂಡರಿಗೆ ಗೊತ್ತಿಲ್ಲ. ಪ್ಲೇಯರ್ ತೆರೆದರೆ ಪಕ್ಕದಲ್ಲಿ ಇತ್ತೀಚೆಗೆ ಕೇಳಿದ್ದರ ಪಟ್ಟಿ ಬರುತ್ತದಲ್ಲ, ಅದರಲ್ಲಿ ಹಾಡಿನ ಹೆಸರು ಒತ್ತಿದರೆ ಮುಗಿಯಿತು. ಇಷ್ಟನ್ನು ನಾನೇ ಕಲಿಸಿದ್ದೆ. ಚಳಿಗಾಲದವರೆಗೆ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ಏನಾಯಿತೋ, ಪ್ರಸಾರ ಮುಗಿದ ಕೂಡಲೇ ಆ ಪಟ್ಟಿಯನ್ನು ಪೂರ್ತಿ ಅಳಿಸಿಹಾಕಲು ಶುರುಮಾಡಿದರು. ಅಳಿಸುವ ಗುಂಡಿ ಎಲ್ಲಿದೆ ಎಂದು ಅವರಿಗೆ ಯಾವ ಪುಣ್ಯಾತ್ಮ ತೋರಿಸಿದನೋ ಕಾಣೆ. ಮರುದಿನ ಒಂದೆರಡು ತಲೆಬುಡವಿಲ್ಲದ ನಂಬರು ಬಿಟ್ಟರೆ ಪಟ್ಟಿ ಖಾಲಿ, ಹಾಡು ಇಲ್ಲ, ನನಗೆ ಫೋನು.

"ಪಟ್ಟಿ ಅಳಿಸಿದ್ರೆ ಹಾಡು ಎಲ್ಲೂ ಹೋಗಲ್ಲ ಕಣ್ರೀ," ಎಂದು ನಾನು ನೂರು ಸಲ ಹೇಳಿದ್ದೇನೆ. "ಸಾಮಾನಿನ ಚೀಟಿ ಹರಿದು ಹಾಕಿದ್ರೆ ಅಂಗಡಿ ಮಾಯ ಆಗುತ್ತಾ? ಪೆನ್‌ಡ್ರೈವ್‌ನಲ್ಲಿ ಹಾಗೇ ಇದೆ. ನಿಮಗೆ ಹುಡುಕೋಕೆ ಬರಲ್ಲ. ಅದಕ್ಕೇ ಅಂದೆ, ಅಳಿಸ್ಬೇಡಿ!"

ಮುಖಂಡರು ತಲೆಯಾಡಿಸುವರು. ನಾನು ಹಾಡು ಹುಡುಕಿಕೊಟ್ಟ ಕೂಡಲೇ ಹೊರಗೆ ದಬ್ಬಿ ಬಾಗಿಲು ಹಾಕಿಕೊಳ್ಳುವರು. ಮರುದಿನ ಮತ್ತೆ ಪಟ್ಟಿ ಖಾಲಿ.

ಕೇಳಿದ್ದನ್ನು ಇಷ್ಟು ಹುಷಾರಾಗಿ ಅಳಿಸುವ ಗಂಡಸು ನೋಡುವುದಾದರೂ ಏನನ್ನು? ಸಂಘದ ಹೆಂಗಸರು ಕಿಮ್ಚಿ ಉಪ್ಪಿನಕಾಯಿಗೆ ಎಲೆಕೋಸು ಉಪ್ಪಿನಲ್ಲಿ ಹಾಕುತ್ತಾ ಇದನ್ನೇ ಮಾತಾಡಿಕೊಂಡು ನಕ್ಕರು. ನಾನೂ ನಕ್ಕೆ. ಎಪ್ಪತ್ತೊಂದು ವರ್ಷಕ್ಕೆ ಈ ಚಟವೇ ಎಂದು ಅಸಹ್ಯವೂ ಆಯಿತು. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ನನಗೆ ತಡವಾಗಿ ತಿಳಿದದ್ದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಹಲ್ಲುಸೆಟ್ಟು ಬರೀ ಸುಳ್ಳು. ಜನವರಿಯಲ್ಲಿ ಅವರಿಗೆ ಸಣ್ಣಗೆ ಲಕ್ವ ಹೊಡೆದಿತ್ತು. ಕೈಕಾಲು ಬಚಾವಾಯಿತು, ನಾಲಿಗೆ ತೊಡರಿಕೊಂಡಿತು. ಡಿಸೆಂಬರಿನಲ್ಲಿ ಮುಖಂಡರ ಆಯ್ಕೆ. ಹಸಿರುಮನೆಯಲ್ಲಿ ಮೆಣಸಿನಕಾಯಿ ಬೆಳೆಯುವ ಮಾ ಜೇಯೋಲ್ ಎದುರಾಳಿಯಾಗಿ ನಿಲ್ಲುವುದು ಖಾತ್ರಿಯಾಗಿತ್ತು. ಮಾತು ಬಾರದ ಮುಖಂಡನನ್ನು ಊರು ಯಾಕೆ ಇಟ್ಟುಕೊಳ್ಳುತ್ತದೆ? ಮೈಕ್ ಹೋದರೆ ಮನೆಯ ಗೋಡೆಗಳ ಜೊತೆ ಮಾತಾಡಬೇಕು. ಆ ಮನುಷ್ಯನಿಗೆ ಇದೇ ದಿಗಿಲು.

ಕಂಪ್ಯೂಟರ್ ಅವರ ಪ್ರಸಾರಗಳನ್ನೆಲ್ಲ ತಾನಾಗಿಯೇ ಧ್ವನಿಮುದ್ರಿಸಿ ಇಟ್ಟುಕೊಳ್ಳುತ್ತಿತ್ತು. ಒಂಬತ್ತು ವರ್ಷದ್ದು, ಮೂರು ಸಾವಿರಕ್ಕೂ ಮೇಲೆ. ಅವು ಪರದೆಯ ಮೇಲೇ ಇದ್ದವು, ಪೆನ್‌ಡ್ರೈವ್ ತೆರೆಯುವ ಗೋಜಿಲ್ಲ. ಅವರು ಮಧ್ಯಾಹ್ನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನಾಳೆಗೆ ಹೊಂದುವ ಹಳೆಯ ಪ್ರಸಾರ ಹುಡುಕುವರು. ಸಿಕ್ಕಿದ್ದು ಆ ಪಟ್ಟಿಯಲ್ಲಿ ಬಂದು ಕೂರುವುದು. ಬೆಳಿಗ್ಗೆ ಹಾಡಿನ ಹಿಂದೆಯೇ ಅದನ್ನು ಒತ್ತಿ, ಮುಗಿದ ಮೇಲೆ ಯಾರ ಕಣ್ಣಿಗೂ ಬೀಳದಂತೆ ಪಟ್ಟಿ ಅಳಿಸುವರು. ಊರೆಲ್ಲ ಐದು ತಿಂಗಳು ಕೇಳಿದ್ದು ಹಳೆಯ ಪ್ಯೋ ಚಾಂಗ್‌ಗುವನ್ನು. ಗೋಡೆಯಾಚೆಯೇ ಇದ್ದ ನನಗೆ ಇದು ತಿಳಿಯಲಿಲ್ಲ. ಬೈಯುವುದರಲ್ಲೇ ಮುಳುಗಿದ್ದವಳಿಗೆ ಕೇಳಿಸಿಕೊಳ್ಳಲು ಪುರುಸೊತ್ತೆಲ್ಲಿ?

ಜೂನಿನಲ್ಲಿ ಒಂದು ಬೆಳಿಗ್ಗೆ ದಾರಿಬದಿಯ ಹುಲ್ಲು ಕೊಯ್ಯಲು ಜನರನ್ನು ಕರೆಯಬೇಕಿತ್ತು. ನಾನು ಹಾಡು ಹುಡುಕಿಕೊಟ್ಟು, ಗೊಣಗುತ್ತಾ ಬಂದು ಮೂಲಂಗಿ ಹೆಚ್ಚುತ್ತಿದ್ದೆ. ಹಾಡು ಮುಗಿಯಿತು. ಕಂಬದ ಮೇಲಿಂದ ಮುಖಂಡರ ಗಟ್ಟಿ ದನಿ ಬಂತು.

"ಆ, ಆ. ಊರಿನ ಎಲ್ಲರಿಗೂ ನಮಸ್ಕಾರ. ಇವತ್ತು ಬೋಂಗ್ ಗಾನ್‌ನಾನ್ ಅಜ್ಜಿಗೆ ಎಂಬತ್ತೆಂಟು ತುಂಬಿತು. ಸೊಸೆ ಕಡಲಪಾಚಿ ಸಾರು ಮಾಡಿದ್ದಾಳೆ. ಎಲ್ಲರೂ ಸಭಾಭವನಕ್ಕೆ ಊಟಕ್ಕೆ ಬನ್ನಿ."

ನನ್ನ ಚಾಕು ಅಲ್ಲೇ ನಿಂತಿತು. ಬೋಂಗ್ ಗಾನ್‌ನಾನ್ ನನ್ನ ಅತ್ತೆ. ತೀರಿಕೊಂಡು ಎರಡು ವರ್ಷ. ಅದಾದ ಮೇಲೆ ಮೈಕಿನ ಪಕ್ಕದಿಂದ ಇನ್ನೊಂದು ದನಿ ಬಂತು, ಒಡಕು ಮಡಕೆಯ ದನಿ.

"ಲೇ ಸೊಸೇ! ಸಾರಿಗೆ ಉಪ್ಪು ಸುರೀಬೇಡ! ಹೋದ ಸಲ ಸಮುದ್ರ ಕುಡಿದಂಗಾಗಿತ್ತು!"

ಮೂವತ್ತೆಂಟು ವರ್ಷ ಬೈಸಿಕೊಂಡದ್ದು ಸಾಲದೆ, ಸತ್ತ ಮೇಲೂ ಕಂಬ ಹತ್ತಿ ಬೈದರು. ಊರಿಗೆಲ್ಲ ಕೇಳುವ ಹಾಗೆ! ನಾನು ಒಂದೇ ಚಪ್ಪಲಿಯಲ್ಲಿ ಓಡಿದೆ. ಬೈಯಬೇಕೆಂದು ಓಡಿದೆನೋ, ಆ ದನಿ ನಿಲ್ಲುವ ಮೊದಲು ತಲುಪಬೇಕೆಂದು ಓಡಿದೆನೋ, ಆಣೆ ಮಾಡಿ ಹೇಳಲಾರೆ.

ಬಾಗಿಲು ತಳ್ಳಿದಾಗ ಮುಖಂಡರು ಬೆವರಿನಲ್ಲಿ ತೊಯ್ದು ಮೌಸ್ ಹಿಡಿದಿದ್ದರು. ಪಟ್ಟಿಯಲ್ಲಿ ಹುಲ್ಲು ಕೊಯ್ಯುವುದರ ಬದಲು ಅದರ ಮೇಲಿನದನ್ನು ಒತ್ತಿಬಿಟ್ಟಿದ್ದರು.

"ಮುಟ್ಟಬೇಡಿ! ಅಳಿಸ್ಬೇಡಿ!" ಎಂದು ನಾನು ಕಿರುಚಿದೆ.

ಐದು ತಿಂಗಳ ರೂಢಿಯ ಕೈ. ಟಕ್ಕೆಂದು ಒತ್ತಿತು. ಪಟ್ಟಿ ಖಾಲಿ.

"ಅಯ್ಯೋ ನಿಮ್ಮ ಕೈ ಸೇದಿಹೋಗ! ಎಷ್ಟನೇ ಫೈಲು ಅದು? ಹೇಳ್ರೀ, ಎಷ್ಟನೇದು?"

"ಗೊತ್ತಿಲ್ಲ. ಎಲ್ಲಾ ಬಲೀ ನಂಬಲು," ಎಂದು ಆ ಮನುಷ್ಯ ಅಳತೊಡಗಿದರು. ಬರೀ ನಂಬರು, ನಿಜ. ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಹಾಕುವಾಗ ತಾರೀಖು, ಸಾಲು ಎಲ್ಲ ಕಲಸುಮೇಲೋಗರವಾಗಿತ್ತು. ಅಳುತ್ತಳುತ್ತಲೇ ಲಕ್ವದ ವಿಷಯ, ಹಲ್ಲುಸೆಟ್ಟಿನ ಸುಳ್ಳು ಎಲ್ಲ ಹೊರಬಂತು. "ಅಧ್ಯಕ್ಷೇಲೇ, ಯಾಲಿಗೂ ಹೇಳಬೇಲಿ."

ಹೇಳಬೇಡಿ ಎನ್ನುವಷ್ಟರಲ್ಲಿ ಬಾಗಿಲಲ್ಲಿ ಜನ. ಏಳೆಂಟು ಮುದುಕ ಮುದುಕಿಯರು, ಕೆಲವರ ಕೈಯಲ್ಲಿ ಚಮಚ. ಮುಖಂಡರು ಬಾ ಎಂದರೆ ಬರುವುದಷ್ಟೇ ಅವರಿಗೆ ಗೊತ್ತು. ಸತ್ತವರ ಹುಟ್ಟುಹಬ್ಬವಾದರೇನು, ಸಾರು ಸಾರೇ ತಾನೆ! ಅವರ ಹಿಂದೆ ಮಾ ಜೇಯೋಲ್.

ಮುಗಿಯಿತು ಕಥೆ ಎಂದುಕೊಂಡೆ.

"ಚಾಂಗ್‌ಗು ಅಣ್ಣಾ," ಎಂದ ಮಾ ಜೇಯೋಲ್. "ದಿನಾ ನಿನ್ನ ಪ್ರಸಾರದಲ್ಲಿ ಒಂದು ಹುಂಜ ಕೂಗುತ್ತಲ್ಲ, ಅದು ನಂದು. ಹೋದ ಬೇಸಿಗೇಲಿ ಅದನ್ನ ಕುಯ್ದು ಊರೆಲ್ಲ ತಿಂದ್ವಿ. ನೀನೂ ಅದರ ಸಾರು ಎರಡು ಬಟ್ಟಲು ಕುಡಿದೆ. ಸತ್ತ ಹುಂಜ ಫೆಬ್ರವರಿಯಿಂದ ಕೂಗ್ತಿದ್ರೆ ನಮಗೆ ಗೊತ್ತಾಗಲ್ವಾ?"

"ಗೊತ್ತಿದ್ದೂ ಸುಮ್ನಿದ್ರಾ?" ಎಂದು ನಾನು ಅವರೆಲ್ಲರ ಮೇಲೆ ಹಾಯ್ದೆ.

"ಎದುರು ನಿಲ್ಲೋನು ನಾನು. ಬಾಯಿ ಬಿಟ್ಟಿದ್ರೆ ಹೊಟ್ಟೆಕಿಚ್ಚು ಅಂತಿದ್ರಿ. ಅಣ್ಣಾ, ಡಿಸೆಂಬರಲ್ಲಿ ನಿನ್ನ ಸೋಲಿಸ್ತೀನಿ, ಅದು ಬೇರೆ ಮಾತು. ಅಲ್ಲೀವರೆಗೂ ನಿನ್ನ ಬಾಯಲ್ಲೇ ಹೇಳು. ತಿಳೀದಿದ್ರೆ ಬಂದು ಕೇಳ್ತೀವಿ."

ನಾನು ಮೈಕ್ ಎಳೆದು ಮುಖಂಡರ ಮುಂದಿಟ್ಟೆ. "ಸಾರು ನಾನು ಮಾಡ್ತೀನಿ. ಹುಲ್ಲಿಗೆ ಜನಾನ ನೀವು ಕರೀರಿ. ಏನು ನೋಡ್ತೀರಿ? ಕರೀರಿ!"

"ಎಲ್ಲಲಿಗೂ ನಮಸ್ಕಾಲ," ಎಂದರು. ಕಂಬಗಳು ಅದನ್ನೇ ಹೇಳಿದವು. "ನಾನು... ಪ್ಯೋ. ತಪ್ಪಾಯ್ತು. ನಾಳೆ ಹುಲ್ಲಿಗೆ ಬನ್ನಿ. ಕುಲುಗೋಲು ತನ್ನಿ." ಅಷ್ಟಕ್ಕೆ ನಾಲ್ಕು ನಿಮಿಷ ಹಿಡಿಯಿತು.

ಮಧ್ಯಾಹ್ನ ಸಾರಿಗೆ ಉಪ್ಪು ಕಮ್ಮಿಯೇ ಹಾಕಿದೆ. ಎಲ್ಲರೂ ಸಪ್ಪೆ ಎಂದು ಬೈದರು.

ಅಂದಿನಿಂದ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಆ ಕಂಪ್ಯೂಟರ್ ಮುಂದೆ ಕೂರುತ್ತೇವೆ. ಒಂದನೇ ನಂಬರಿನಿಂದ ಒಂದೊಂದೇ ಫೈಲು ಹಾಕುವುದು. ನಾನು ಅತ್ತೆಯನ್ನು ಹುಡುಕುತ್ತೇನೆ. ಅವರು ಪ್ರತಿಯೊಂದನ್ನೂ ಕೇಳಿ ತಮ್ಮ ನಾಲಿಗೆಯಲ್ಲಿ ತಿರುಗಿ ಹೇಳುತ್ತಾರೆ. ಎಲ್ಲಿಯವರೆಗೆ ಬಂದೆವು ಎಂಬುದಕ್ಕೆ ಆ ಪಟ್ಟಿಯೇ ಗುರುತು. ಆಗಸ್ಟ್ ಹೊತ್ತಿಗೆ ಆರುನೂರರ ಮೇಲೆ ಬಂದಿದ್ದೆವು. ಹಂದಿಜ್ವರ, ಹಿಮ, ಕಳೆದುಹೋದ ಹಸು ಎಲ್ಲ ಸಿಕ್ಕವು. ಅತ್ತೆ ಸಿಗಲಿಲ್ಲ.

ನಿನ್ನೆ ಬೆಳಿಗ್ಗೆ ಆರಕ್ಕೆ ಫೋನು ಬಡಿದುಕೊಂಡಿತು.

"ಅಧ್ಯಕ್ಷೇಲೇ, ಬೈಬೇಡಿ. ಕೈ ತಾನಾಗೇ ಹೋಯ್ತು. ಪಟ್ಟಿ ಅಳಿಸಿಬಿಟ್ಟೆ. ಹಾಡು ಹೋಯ್ತು."

ಬಾಯಿಗೆ ಬಂದದ್ದೆಲ್ಲ ಅಂದೆ. ಎರಡು ತಿಂಗಳ ಕೂಲಿ ನೀರುಪಾಲು, ನಿಮ್ಮ ಕೈಗಿಷ್ಟು ಬೆಂಕಿ ಹಾಕ, ಇನ್ನು ನೀವುಂಟು ನಿಮ್ಮ ಕಂಪ್ಯೂಟರ್ ಉಂಟು ಎಂದು ಫೋನು ಕುಕ್ಕಿದೆ. ಒಂದು ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಳ್ಳುತ್ತಿದ್ದಾಗ ಕೈ ತಡೆಯಿತು. ಹಾಲು ಎನ್ನಲಿಲ್ಲ ಆ ಮನುಷ್ಯ, ಹಾಡು ಎಂದರು. ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿಕೊಂಡು, ಆರುನೂರರ ಆಚೆಯಿಂದ ಹಿಡಿದರೂ ಆಗುತ್ತಿತ್ತು ಎಂದು ಗೊತ್ತಿದ್ದೂ ಒಂದನೇ ನಂಬರಿನಿಂದಲೇ ಮತ್ತೆ ಶುರುಮಾಡಲು ಹೋದೆ.